ಕಣಜದ ಕಾಳಿನಿಂದ ಕ್ಯಾನ್ಸರ್ ಕೋಶದವರೆಗೆ

ಬೇಳೆ ಗಿರಣಿಯ ಹಾಪರ್‌ನಲ್ಲಿ ಕಾಳು ತುಂಬಿದೆ, ಕೆಳಗಿನ ಬಾಯಿಯೂ ತೆರೆದಿದೆ. ಆದರೂ ಕಾಳು ಇಳಿಯುತ್ತಿಲ್ಲ. ಕೆಲಸಗಾರ ತಗಡನ್ನು ಸುತ್ತಿಗೆಯಿಂದ ಬಡಿಯುತ್ತಾನೆ, ಕೋಲಿನಿಂದ ಕೆದಕುತ್ತಾನೆ. ಗಿರಣಿ ಮಾಲೀಕರಿಗೆಲ್ಲ ಪರಿಚಿತವಾದ ಈ ತೊಡಕು ಸಂಕೀರ್ಣ ವ್ಯವಸ್ಥೆಗಳ ಭೌತವಿಜ್ಞಾನಕ್ಕೆ ಗಂಭೀರ ಅಧ್ಯಯನದ ವಿಷಯ. ಅದೇ ಅಧ್ಯಯನವು ಕ್ಯಾನ್ಸರ್ ಹರಡುವ ಬಗೆಯ ಮೇಲೂ ಈಗ ಬೆಳಕು ಚೆಲ್ಲುತ್ತಿದೆ.

ಈ ವಿಚಾರದ ಬೇರು ಧಾನ್ಯದ ಕಣಜದಲ್ಲಿಯೇ ಇದೆ. 1895ರಲ್ಲಿ ಜರ್ಮನಿಯ ಎಂಜಿನಿಯರ್ ಯಾನ್ಸೆನ್ ಅವರು ಕಣಜದ ತಳದ ಮೇಲೆ ಧಾನ್ಯ ಹಾಕುವ ಒತ್ತಡದ ಲೆಕ್ಕವನ್ನು ಮುಂದಿಟ್ಟರು. ತೊಟ್ಟಿಯಲ್ಲಿ ನೀರು ಏರಿದಂತೆ ತಳದ ಒತ್ತಡವೂ ಏರುತ್ತದೆ. ಧಾನ್ಯದಲ್ಲಿ ಹಾಗಲ್ಲ, ಒಂದು ಎತ್ತರದ ನಂತರ ಒತ್ತಡ ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುತ್ತದೆ. ಉಳಿದ ಭಾರವನ್ನು ಘರ್ಷಣೆಯ ಮೂಲಕ ಗೋಡೆಗಳು ಹೊರುತ್ತವೆ. ಬಾಯಿಯ ಬಳಿ ಕಾಳುಗಳು ಒಂದಕ್ಕೊಂದು ಆತುಕೊಂಡು ಕಮಾನು ಕಟ್ಟಿದಾಗ ಹರಿವು ನಿಲ್ಲುತ್ತದೆ. ದುಂಡನೆಯ ಮಣಿಗಳ ಪ್ರಯೋಗಗಳಲ್ಲಿ, ಬಾಯಿಯ ವ್ಯಾಸವು ಮಣಿಯ ವ್ಯಾಸದ ಸುಮಾರು 5 ಪಟ್ಟನ್ನು ಮೀರಿದಾಗ ಇಂತಹ ಕಟ್ಟು ಅತಿ ವಿರಳವೆಂದು ಕಂಡುಬಂದಿದೆ.

ಕಾಳು, ಮರಳು, ನೊರೆ, ಗಾಜು ಇವೆಲ್ಲ ಬೇರೆ ಬೇರೆ ವಸ್ತುಗಳಾದರೂ ಹರಿಯುವುದನ್ನು ಬಿಟ್ಟು ಗಟ್ಟಿಯಾಗುವ ರೀತಿಯಲ್ಲಿ ಸಾಮ್ಯವಿರಬಹುದೆಂದು 1998ರಲ್ಲಿ ಆಂಡ್ರಿಯಾ ಲ್ಯೂ ಮತ್ತು ಸಿಡ್ನಿ ನೇಗಲ್ ಪ್ರತಿಪಾದಿಸಿದರು. ಸಾಂದ್ರತೆ, ಉಷ್ಣತೆ ಮತ್ತು ಹೊರಗಿನ ಬಲ, ಈ ಮೂರರ ಹೊಂದಾಣಿಕೆಯೇ ಅದನ್ನು ನಿರ್ಧರಿಸುತ್ತದೆ ಎಂಬುದು ಅವರ ವಾದ.

ಜೀವಕೋಶಗಳಿಗೂ ಈ ದೃಷ್ಟಿ ಅನ್ವಯಿಸಿತು; ಆದರೆ ಒಂದು ವ್ಯತ್ಯಾಸದೊಡನೆ. ಕೋಶಗಳ ಪದರದಲ್ಲಿ ಕಾಳುಗಳ ನಡುವೆ ಇರುವಂತಹ ಸಂದುಗಳಿರುವುದಿಲ್ಲ. ಆದ್ದರಿಂದ ಅಲ್ಲಿ ಕೋಶದ ಆಕಾರ ಮುಖ್ಯವಾಗುತ್ತದೆ. ಕೋಶದ ಸುತ್ತಳತೆಯನ್ನು ವಿಸ್ತೀರ್ಣದ ವರ್ಗಮೂಲದಿಂದ ಭಾಗಿಸಿದಾಗ ಬರುವ ಸಂಖ್ಯೆ ಸುಮಾರು 3.81ಕ್ಕಿಂತ ಕಡಿಮೆಯಿದ್ದರೆ ಪದರವು ಘನದಂತೆ, ಹೆಚ್ಚಿದ್ದರೆ ದ್ರವದಂತೆ ವರ್ತಿಸುತ್ತದೆಂದು 2015ರಲ್ಲಿ ಲೀಸಾ ಮ್ಯಾನಿಂಗ್ ಮತ್ತು ಸಹೋದ್ಯೋಗಿಗಳು ಲೆಕ್ಕದಿಂದ ತೋರಿಸಿದರು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಆಸ್ತಮಾ ಇದ್ದವರ ಶ್ವಾಸನಾಳದ ಕೋಶಗಳು ಉಳಿದವರ ಕೋಶಗಳಿಗಿಂತ ತಡವಾಗಿ ನೆಲೆನಿಲ್ಲುವುದು ಕಂಡುಬಂದಿತು.

ಗಿರಣಿಯಲ್ಲಿ ಹರಿವು ನಿಂತರೆ ನಷ್ಟ. ಗೆಡ್ಡೆಯಲ್ಲಿ ಹರಿವು ಆರಂಭವಾದರೆ ಪ್ರಾಣಕ್ಕೇ ಅಪಾಯ. ಒತ್ತಾಗಿ ಸಿಲುಕಿದ್ದ ಕೋಶಗಳು ಸಡಿಲಗೊಂಡು ಚಲಿಸತೊಡಗಿದಾಗ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಲು ದಾರಿಯಾಗುತ್ತದೆ. ಜರ್ಮನಿಯ ಲೈಪ್ಜಿಗ್ ವಿಶ್ವವಿದ್ಯಾಲಯದ ಯೋಸೆಫ್ ಕೇಸ್ ಅವರ ತಂಡವು ಸ್ತನ ಮತ್ತು ಗರ್ಭಕಂಠದ ಗೆಡ್ಡೆಗಳನ್ನು ಪರೀಕ್ಷಿಸಿ, ಕೋಶ ಹಾಗೂ ಕೋಶಕೇಂದ್ರಗಳ ಉದ್ದನೆಯ ಆಕಾರವು ಅಂಗಾಂಶದ ದ್ರವತೆಯ ಸೂಚಕವೆಂದು 2021ರಲ್ಲಿ ವರದಿ ಮಾಡಿತು. ರೋಗ ಹರಡುವ ಸಾಧ್ಯತೆಯನ್ನು ಅಂಗಾಂಶದ ಚಿತ್ರದಿಂದಲೇ ಅಂದಾಜಿಸುವ ಆಶಯ ಇದರ ಹಿಂದಿದೆ. ಇದು ಇನ್ನೂ ಸಂಶೋಧನೆಯ ಹಂತದಲ್ಲಿದ್ದು, ವೈದ್ಯರ ಈಗಿನ ಪರೀಕ್ಷೆಗಳಿಗೆ ಬದಲಿಯಲ್ಲ.

ಉದ್ಯಮಿಗಳಿಗೆ ಇದರಲ್ಲೊಂದು ನೇರವಾದ ಪಾಠವಿದೆ. ಹಾಪರ್ ಕಟ್ಟಿಕೊಳ್ಳುವುದು ಹಣೆಬರಹವಲ್ಲ, ವಿನ್ಯಾಸದ ದೋಷ. ಗೋಡೆಯ ಇಳಿಜಾರು, ಅದರ ನಯ, ಬಾಯಿಯ ಅಳತೆ ಮತ್ತು ಸರಕಿನ ತೇವಾಂಶ, ಇವುಗಳನ್ನು ಮೊದಲೇ ಪರಿಗಣಿಸುವ ವಿಧಾನವನ್ನು ಅಮೆರಿಕದ ಆಂಡ್ರ್ಯೂ ಜೆನಿಕೆ 1964ರಲ್ಲಿಯೇ ಪ್ರಕಟಿಸಿದ್ದಾರೆ. ಕಟ್ಟು ಬಿಡಿಸಲು ಕೆಲಸಗಾರನನ್ನು ಕಣಜದೊಳಗೆ ಇಳಿಸುವುದಂತೂ ಸಲ್ಲದು. ಕಾಲಡಿಯ ಕಮಾನು ಕುಸಿದರೆ ಕ್ಷಣಗಳಲ್ಲಿ ಆತ ಕಾಳಿನಡಿ ಹೂತುಹೋಗಬಹುದು. ಬಾಯಿಯ ಅಳತೆಯನ್ನು ತಿದ್ದಲು ತಗಲುವ ವೆಚ್ಚ ಆ ಜೀವದ ಮುಂದೆ ಏನೂ ಅಲ್ಲ.