ಹೃದಯವೂ ರಕ್ತಸಂಚಾರವೂ

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಒಮ್ಮೆಯಾದರೂ ಹತ್ತಲು ಹೊರಡದ ಹೆಣ್ಣುಮಗಳು ನಮ್ಮ ಸೀಮೆಯಲ್ಲಿ ವಿರಳ. ಕೊರಟಗೆರೆಯವರಿಗೆ ಸಿದ್ಧರಬೆಟ್ಟವೂ, ಪಾವಗಡದವರಿಗೆ ತಮ್ಮೂರ ಕೋಟೆಯ ಬೆಟ್ಟವೂ ಇರುವುವು. ಶಿರಾದ ಕೋಟೆಯು ಬಯಲಿನಲ್ಲಿರುವುದರಿಂದ ಅಲ್ಲಿಯವರು ಮಾತ್ರ ಈ ಅನುಭವಕ್ಕಾಗಿ ನೆರೆಯೂರಿಗೆ ಬರಬೇಕಾಗುವುದು. ಮೆಟ್ಟಿಲುಗಳನ್ನೇರಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಎದೆಯೊಳಗೆ ಯಾರೋ ಕದವನ್ನು ಬಡಿಯುವಂತೆ ಸದ್ದಾಗುವುದು, ಮೂಗಿನ ಉಸಿರು ಸಾಲದೆ ಬಾಯಿಯಿಂದ ಉಸಿರಾಡುವೆವು. ಬಂಡೆಯ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಂಡರೆ ಎಲ್ಲವೂ ತಾನಾಗಿಯೇ ಶಾಂತವಾಗುವುದು. ಹೀಗೆ ಬಡಿಯುವ ಯಂತ್ರವು ಯಾವುದು, ಅದರ ಕದಗಳು ಯಾವುವು, ಆ ಕದಗಳು ಕೆಟ್ಟರೆ ನಮ್ಮ ಹೆಣ್ಣುಮಕ್ಕಳಿಗೆ ಒದಗುವ ಕಷ್ಟವೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಹೃದಯವು ಅವರವರ ಮುಷ್ಟಿಯಷ್ಟು ಗಾತ್ರದ, ಸುಮಾರು 250ರಿಂದ 300 ಗ್ರಾಂ ತೂಕದ ಮಾಂಸದ ಚೀಲ. ಇದರೊಳಗೆ ನಾಲ್ಕು ಕೋಣೆಗಳುಂಟು. ಮೇಲಿನ ಎರಡಕ್ಕೆ ಹೃತ್ಕರ್ಣಗಳೆಂದೂ ಕೆಳಗಿನ ಎರಡಕ್ಕೆ ಹೃತ್ಕುಕ್ಷಿಗಳೆಂದೂ ಹೆಸರು. ಬಲಗಡೆಯ ಕೋಣೆಗಳಿಗೂ ಎಡಗಡೆಯ ಕೋಣೆಗಳಿಗೂ ನಡುವೆ ಗೋಡೆಯಿದೆ. ಅಲ್ಲಿಂದ ಇಲ್ಲಿಗೆ ನೇರವಾದ ದಾರಿಯಿಲ್ಲ. ದೇಹದಲ್ಲೆಲ್ಲಾ ಸುತ್ತಿ ಮಲಿನವಾದ ರಕ್ತವು ಬಲಗಡೆಗೆ ಬಂದು, ಅಲ್ಲಿಂದ ಶ್ವಾಸಕೋಶಗಳಿಗೆ ಹೋಗಿ, ಇಂಗಾಲಾಮ್ಲವಾಯುವನ್ನು ಬಿಟ್ಟು ಆಮ್ಲಜನಕವನ್ನು ಹೊತ್ತು ಎಡಗಡೆಗೆ ಬರುವುದು. ಎಡ ಹೃತ್ಕುಕ್ಷಿಯು ಅದನ್ನು ಮಹಾಧಮನಿಗೆ ನೂಕಿ ತಲೆಯಿಂದ ಅಂಗಾಲಿನವರೆಗೆ ಕಳುಹಿಸುವುದು.

ಸುಮ್ಮನೆ ಕುಳಿತಿರುವಾಗ ಹೃದಯವು ನಿಮಿಷಕ್ಕೆ ಸುಮಾರು 72 ಸಲ ಮಿಡಿದು, ಸಲಕ್ಕೆ 70 ಮಿಲಿಲೀಟರಿನಂತೆ ಸುಮಾರು ಐದು ಲೀಟರು ರಕ್ತವನ್ನು ನೂಕುವುದು. ದಿನವೊಂದಕ್ಕೆ ಮಿಡಿತಗಳು ಒಂದು ಲಕ್ಷವನ್ನು ಮೀರುವುವು, ರಕ್ತವು 7,200 ಲೀಟರಾಗುವುದು. ಹನ್ನೆರಡು ಲೀಟರು ಹಿಡಿಯುವ ಬಿಂದಿಗೆಯಿಂದ ನೀರು ಸೇದುವುದಾದರೆ ಇದು 600 ಬಿಂದಿಗೆ! ಬಾವಿಯ ಹಗ್ಗವನ್ನು ಹಿಡಿದು ಬಲ್ಲ ನಮ್ಮ ಸೀಮೆಯ ಹೆಂಗಸರಿಗೆ ಈ ಕೆಲಸದ ಭಾರವನ್ನು ಬೇರೆ ಹೇಳಬೇಕಾಗಿಲ್ಲ. ಬೆಟ್ಟ ಹತ್ತುವಾಗಲಾದರೋ ಕಾಲಿನ ಮಾಂಸಖಂಡಗಳು ಹೆಚ್ಚು ಆಮ್ಲಜನಕವನ್ನು ಬೇಡುವುದರಿಂದ, ಆರೋಗ್ಯವಂತರ ಹೃದಯವು ಇದರ ನಾಲ್ಕರಷ್ಟನ್ನೂ ಒದಗಿಸಬಲ್ಲುದು.

ಈ ರಕ್ತವೆಲ್ಲ ಎಲ್ಲಿಂದ ಬರುವುದು? ದೇಹದಲ್ಲಿರುವುದೇ ನಾಲ್ಕೈದು ಲೀಟರು. ಪೂರ್ವಕಾಲದಲ್ಲಿ ಗ್ಯಾಲೆನ್ ಎಂಬ ಗ್ರೀಕ್ ವೈದ್ಯನು ಇದನ್ನು ಕೆರೆಯ ನೀರಿನಂತೆ ಭಾವಿಸಿದ್ದನೆನ್ನಬಹುದು: ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ, ಗದ್ದೆಯಲ್ಲಿ ಇಂಗಿದ ನೀರು ಮತ್ತೆ ಕೆರೆಗೆ ಬಾರದು. ಯಕೃತ್ತಿನಲ್ಲಿ ಹೊಸ ರಕ್ತವು ಹುಟ್ಟುತ್ತಲೇ ಇರುವುದು, ಅಂಗಗಳು ಅದನ್ನು ಹೀರುತ್ತಲೇ ಇರುವುವು ಎಂಬುದು ಅವನ ಮತ. ಸಾವಿರದ ನಾನೂರು ವರ್ಷಗಳ ಕಾಲ ಯುರೋಪಿನವರು ಇದನ್ನೇ ನಂಬಿದ್ದರು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆಯು ಬರಿಯ ಲೆಕ್ಕದಿಂದ ಇದನ್ನು ಮುರಿದನು. ಒಂದೊಂದು ಮಿಡಿತಕ್ಕೆ ಎಷ್ಟು ಕಡಮೆ ರಕ್ತವು ಹೊರಡುವುದೆಂದು ಎಣಿಸಿದರೂ, ಅರ್ಧ ಗಂಟೆಯಲ್ಲಿ ಅದು ದೇಹದ ಸಮಸ್ತ ರಕ್ತವನ್ನು ಮೀರುವುದು; ಅಷ್ಟನ್ನು ಯಾವ ಊಟವೂ ಹುಟ್ಟಿಸಲಾರದು; ಆದುದರಿಂದ ಹೋದ ರಕ್ತವೇ ಹಿಂದಿರುಗಿ ಬರುತ್ತಿರಬೇಕು. ಆದರೆ ಅಪಧಮನಿಗಳ ತುದಿಯಿಂದ ಅಭಿಧಮನಿಗಳಿಗೆ ಅದು ಹೇಗೆ ದಾಟುವುದೆಂಬುದು ಅವನಿಗೆ ಕಾಣಲಿಲ್ಲ. ಇಟಲಿಯ ಮಾಲ್ಪೀಗಿಯು 1661ರಲ್ಲಿ ಸೂಕ್ಷ್ಮದರ್ಶಕದ ಮೂಲಕ ಕಪ್ಪೆಯ ಶ್ವಾಸಕೋಶದಲ್ಲಿ ಕೂದಲಿಗಿಂತಲೂ ಸಣ್ಣದಾದ ಲೋಮನಾಳಗಳನ್ನು ಕಂಡನು. ಹಾರ್ವೆಯು ಆ ವೇಳೆಗೆ ತೀರಿಕೊಂಡಿದ್ದನು.

ರಕ್ತವು ಒಂದೇ ದಿಕ್ಕಿಗೆ ಹರಿಯುವುದಕ್ಕೆ ಕಾರಣವು ಹೃದಯದ ನಾಲ್ಕು ಕವಾಟಗಳು. ಇವು ತೆಳುವಾದ ಪೊರೆಯ ಕದಗಳು. ಮುಂದಕ್ಕೆ ತೆರೆಯುವುವು, ಹಿಂದಕ್ಕೆ ತೆರೆಯವು. ವೈದ್ಯರು ಕೇಳುವ "ಲಬ್ ಡಬ್" ಎಂಬ ಸದ್ದು ಈ ಕದಗಳು ಮುಚ್ಚಿಕೊಳ್ಳುವಾಗ ಆಗುವಂಥದು. ಇವುಗಳಲ್ಲಿ ಎಡ ಹೃತ್ಕರ್ಣಕ್ಕೂ ಎಡ ಹೃತ್ಕುಕ್ಷಿಗೂ ನಡುವೆ ಇರುವ ಎರಡು ಎಸಳಿನ ಮೈಟ್ರಲ್ ಕವಾಟದ ವಿಷಯವನ್ನು ನಮ್ಮ ಓದುಗರಾದ ತಾಯಂದಿರು ವಿಶೇಷವಾಗಿ ಅರಿಯಬೇಕು.

ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಗಂಟಲು ನೋವು ಬರುವುದು ಸಾಮಾನ್ಯ. ಬಹುಮಟ್ಟಿಗೆ ಅದು ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದರೆ ಹೋಗುವಂಥದೇ. ಆದರೆ ಸ್ಟ್ರೆಪ್ಟೋಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ಬಂದ ನೋವಾದರೆ, ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ತರುವಾಯ ಜ್ವರವು ಮರಳಿ, ಮೊಣಕಾಲು, ಹರಡು, ಮೊಣಕೈ ಹೀಗೆ ಒಂದು ಕೀಲಿನಿಂದ ಮತ್ತೊಂದಕ್ಕೆ ಬಾವು ಹರಿದಾಡುವುದು. ಇದೇ ರೂಮ್ಯಾಟಿಕ್ ಜ್ವರ. ಸೂಕ್ಷ್ಮಜೀವಿಯನ್ನು ಕೊಲ್ಲಲು ಹೊರಟ ದೇಹದ ರಕ್ಷಣಾಬಲವು ತನ್ನ ಹೃದಯವನ್ನೇ ಶತ್ರುವೆಂದು ಭ್ರಮಿಸಿ ಘಾಸಿಮಾಡುವುದು. ಕೀಲುಗಳು ಪೂರ್ತಿಯಾಗಿ ವಾಸಿಯಾಗುವುವು. ಕವಾಟದ ಗಾಯವು ಉಳಿಯುವುದು. ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ಚಿಹ್ನೆಯುಂಟು: ಕೈಕಾಲು ಮುಖಗಳು ತಾವಾಗಿ ಅದುರುವುವು, ಅಕ್ಷರವು ಕೆಡುವುದು, ಕೈಯಲ್ಲಿದ್ದ ಲೋಟವು ಬೀಳುವುದು. ಮನೆಯಲ್ಲಿ ತಾಯಿಯೂ ಶಾಲೆಯಲ್ಲಿ ಉಪಾಧ್ಯಾಯಿನಿಯೂ ಅಜಾಗರೂಕತೆಯೆಂದು ಮಗುವನ್ನು ಗದರಿಸುವರು. ಆ ಮಗುವಿಗೆ ಬೇಕಾದುದು ಗದರಿಕೆಯಲ್ಲ, ವೈದ್ಯರ ಪರೀಕ್ಷೆ.

ಕವಾಟದ ಗಾಯವು ವರ್ಷಗಳ ಮೇಲೆ ಗಡುಸಾಗಿ, ಎಸಳುಗಳು ಅಂಟಿಕೊಂಡು, ಬಾಗಿಲು ಕಿರಿದಾಗುವುದು. ಮುಂದಕ್ಕೆ ಹೋಗಲಾರದ ರಕ್ತವು ಶ್ವಾಸಕೋಶಗಳಲ್ಲಿ ತುಂಬಿ ನಿಲ್ಲುವುದು. ಹುಡುಗಿಯು ಬೆಟ್ಟ ಹತ್ತಲು ಒಲ್ಲೆನೆನ್ನುವಳು, ಅಷ್ಟೆ. ಸೋಮಾರಿಯೆಂದು ಜನರು ತಿಳಿಯುವರು. ಮದುವೆಯಾಗಿ ಗರ್ಭಿಣಿಯಾದಾಗ ನಿಜವು ಹೊರಬೀಳುವುದು. ಗರ್ಭದಲ್ಲಿ ಶಿಶುವಿರುವಾಗ ತಾಯಿಯ ರಕ್ತವು ಹೆಚ್ಚುಕಡಮೆ ಒಂದೂವರೆಯಷ್ಟಾಗುವುದು, ಹೃದಯದ ಬಡಿತವೂ ಬಿರುಸಾಗುವುದು. ಕಿರಿದಾದ ಬಾಗಿಲಿನಿಂದ ಅಷ್ಟು ರಕ್ತವು ಅಷ್ಟು ಅವಸರದಲ್ಲಿ ದಾಟಲಾರದು. ಐದಾರು ತಿಂಗಳಿಗೆ ನಡೆದರೆ ಮೇಲುಸಿರು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು. ಕೆಲವರಿಗೆ ಕೆಮ್ಮಿನಲ್ಲಿ ರಕ್ತ. "ಬಸಿರಿನಲ್ಲಿ ಇದೆಲ್ಲಾ ಸಹಜ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಸ್ವಲ್ಪ ಆಯಾಸವು ಸಹಜವೇ ಸರಿ. ಮಲಗಲಾರದಂಥ ಉಸಿರುಕಟ್ಟು ಸಹಜವಲ್ಲ.

ಇದರಲ್ಲಿ ಖೇದಕರವಾದುದೇನೆಂದರೆ, ಮೊದಲಲ್ಲಿಯೇ ತಡೆಯುವ ಉಪಾಯವು ಬಹಳ ಅಗ್ಗವಾದುದು. ಗಂಟಲು ನೋವಿಗೆ ಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ಜ್ವರವೇ ಬಾರದು. ಒಮ್ಮೆ ಜ್ವರ ಬಂದ ಮಗುವಿಗೆ ಮೂರು ವಾರಕ್ಕೊಂದರಂತೆ ಪೆನಿಸಿಲಿನ್ ಸೂಜಿಮದ್ದನ್ನು ಅನೇಕ ವರ್ಷ ಹಾಕಿಸಬೇಕು. ಜ್ವರವು ಮರುಕಳಿಸಿದಷ್ಟು ಸಲವೂ ಕವಾಟವು ಇನ್ನಷ್ಟು ಕೆಡುವುದು. ಮಗಳು ಚೆನ್ನಾಗಿದ್ದಾಳೆಂದೋ, ಸೂಜಿಯು ನೋಯುವುದೆಂದೋ, ಮದುವೆ ಗೊತ್ತಾಯಿತೆಂದೋ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಲಾಗದು. ಕವಾಟವು ಕಿರಿದಾಗಿಯೇ ಹೋಗಿದ್ದರೂ ಆಸೆಗೆಡಬೇಕಾದುದಿಲ್ಲ. ಜಪಾನಿನ ಇನೌವೆ ಎಂಬ ವೈದ್ಯರು 1982ರಲ್ಲಿ, ಎದೆಯನ್ನು ಕೊಯ್ಯದೆ, ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ಬೆಲೂನನ್ನು ಹೃದಯದವರೆಗೆ ತೂರಿಸಿ ಅಂಟಿದ ಎಸಳುಗಳನ್ನು ಬಿಡಿಸುವ ಕ್ರಮವನ್ನು ಆರಂಭಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆಯು ಬಹುಕಾಲದಿಂದ ನಡೆಯುತ್ತಿದೆ. ಅವಶ್ಯವಾದರೆ ಗರ್ಭಿಣಿಯರಿಗೂ ಇದನ್ನು ಮಾಡಬಹುದು.

ಹೃದಯಾಘಾತವು ಬೇರೆಯೇ ರೋಗ. ಅದರಲ್ಲಿ ಕೆಡುವುದು ಬಾಗಿಲಲ್ಲ, ಹೃದಯಕ್ಕೇ ಆಹಾರ ಕೊಡುವ ನಾಳವು ಹೆಪ್ಪಿನಿಂದ ಮುಚ್ಚಿಕೊಳ್ಳುವುದು. ಇಲ್ಲಿ ಗಳಿಗೆಗಳ ಲೆಕ್ಕ. ಪಾವಗಡದಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರು ದಾರಿ. 2021ರ ಅಕ್ಟೋಬರಿನಲ್ಲಿ ನಟ ಪುನೀತ್ ರಾಜಕುಮಾರರು 46ನೆಯ ವಯಸ್ಸಿನಲ್ಲಿ ತೀರಿಕೊಂಡ ತರುವಾಯ ಅವರ ಹೆಸರಿನಲ್ಲಿ ಸರ್ಕಾರವು ಏರ್ಪಡಿಸಿದ ಹೃದಯಜ್ಯೋತಿ ಯೋಜನೆಯಂತೆ, ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ತೆಗೆದು ಹೆಪ್ಪನ್ನು ಕರಗಿಸುವ ಮದ್ದನ್ನು ಉಚಿತವಾಗಿ ಕೊಡುವರು. ಹೆಂಗಸರಲ್ಲಿ ಎದೆನೋವಿಗೆ ಬದಲಾಗಿ ದವಡೆ, ಬೆನ್ನುಗಳ ನೋವು, ಬೆವರು, ಉಸಿರಾಟದ ಕಷ್ಟಗಳು ಮಾತ್ರ ತೋರಬಹುದು. ವಾಯುವೆಂದು ಓಮದ ಕಷಾಯ ಕುಡಿದು ಮಲಗುವುದು ಅಪಾಯಕರ.

ಮತ್ತೆ ಕವಾಟದ ವಿಷಯಕ್ಕೆ ಬರುವೆವು. 1816ರಲ್ಲಿ ಪ್ಯಾರಿಸಿನ ಲೆನೆಕ್ ಎಂಬ ವೈದ್ಯನು, ರೋಗಿಯಾದ ತರುಣಿಯ ಎದೆಗೆ ಕಿವಿಯಿಡಲು ಸಂಕೋಚಪಟ್ಟು ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಕೇಳಿದನು. ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಸ್ಟೆತಾಸ್ಕೋಪು ಹೀಗೆ ಹುಟ್ಟಿತು. ಕೆಟ್ಟ ಕವಾಟದ ಮರ್ಮರವನ್ನು ಅನೇಕವೇಳೆ ಇದರಿಂದಲೇ ಕಂಡುಹಿಡಿಯಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಬಂದು ಪರೀಕ್ಷಿಸುವ ವ್ಯಾಧಿಗಳ ಪಟ್ಟಿಯಲ್ಲಿ ರೂಮ್ಯಾಟಿಕ್ ಹೃದ್ರೋಗವೂ ಸೇರಿದೆ. ಅವರು ಬರುವ ದಿನ ಹುಡುಗಿಯರನ್ನು ಮನೆಗೆಲಸಕ್ಕೋ ಕಡಲೆಕಾಯಿ ಬಿಡಿಸುವುದಕ್ಕೋ ನಿಲ್ಲಿಸಿಕೊಳ್ಳದೆ, ತಪ್ಪದೆ ಶಾಲೆಗೆ ಕಳುಹಿಸಬೇಕೆಂದು ಪೋಷಕರನ್ನು ಕೇಳಿಕೊಳ್ಳುವೆವು.