ಮುಲ್ಕಿ ಯಾರು, ಗೈರ್‌ಮುಲ್ಕಿ ಯಾರು?

ನಿಜಾಮರ ಕಾಲದಲ್ಲಿ ಸುರಪುರದವನೊಬ್ಬ ತಾನು ಮುಲ್ಕಿ ಎಂದರೆ ಅದು ಹಕ್ಕಿನ ಮಾತು: ನಾನು ಈ ನಾಡಿನವ, ಸರ್ಕಾರಿ ನೌಕರಿ ನನಗೆ ಸಲ್ಲಬೇಕು. ಅಲ್ಲಿಂದ ಪಡುವಣಕ್ಕೆ, ಮುಂಬಯಿ ಪ್ರಾಂತದ ತಾಳಿಕೋಟೆಯಲ್ಲಿ ‘ನಂದು ಮುಲ್ಕಿ ಆಗ್ಯದ’ ಎಂದರೆ ಏಳನೆಯ ಇಯತ್ತೆಯ ಪರೀಕ್ಷೆ ಪಾಸಾಗಿದೆ ಎಂದರ್ಥ. ಆ ಪರೀಕ್ಷೆ ಮುಗಿಸಿದವರು ಕನ್ನಡ ಶಾಲೆಗಳಲ್ಲಿ ಮಾಸ್ತರಾಗುತ್ತಿದ್ದರು. ಅದೇ ಸೀಮೆಯಲ್ಲಿ ಕಂದಾಯ ವಸೂಲಿ ಮಾಡುವವನು ಮುಲ್ಕಿ ಪಾಟೀಲ, ಊರಿನ ಬಂದೋಬಸ್ತು ನೋಡುವವನು ಪೊಲೀಸ್ ಪಾಟೀಲ.

    

‘ಮುಲ್ಕ್’ ಎಂದರೆ ದೇಶ, ರಾಜ್ಯ. ಉತ್ತರ ಹಿಂದುಸ್ತಾನದಿಂದ ಬಂದವರು ಹೈದರಾಬಾದಿನ ದೊಡ್ಡ ಹುದ್ದೆಗಳನ್ನು ಹಿಡಿದಾಗ ಸ್ಥಳೀಯರಲ್ಲಿ ಅಸಮಾಧಾನ ಬೆಳೆಯಿತು. 1919ರ ಮುಲ್ಕಿ ನಿಯಮಗಳು ಹುಟ್ಟಿದ್ದು ಆ ಒತ್ತಡದಿಂದ. ಹೊರಗಿನವನು ಮುಲ್ಕಿ ಅನ್ನಿಸಿಕೊಳ್ಳಬೇಕಾದರೆ ಸಂಸ್ಥಾನದಲ್ಲಿ 15 ವರ್ಷ ನೆಲೆಸಿರಬೇಕಿತ್ತು, ತನ್ನ ಹಳೆಯ ಊರಿಗೆ ಮರಳುವ ವಿಚಾರ ಬಿಟ್ಟಿದ್ದೇನೆಂದು ಪ್ರಮಾಣಪತ್ರವನ್ನೂ ಕೊಡಬೇಕಿತ್ತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ‘ಗೈರ್‌ಮುಲ್ಕಿ’, ಅಂದರೆ ಹೊರಗಿನವ, ಎಂಬ ಮಾತು ಆಮೇಲೆಯೇ ಹೆಚ್ಚು ಹರಿತವಾಯಿತು. 1952ರಲ್ಲಿ ಹೈದರಾಬಾದಿನ ವಿದ್ಯಾರ್ಥಿಗಳು ಬೀದಿಗಿಳಿದರು. ‘ಇಡ್ಲಿ ಸಾಂಬಾರ್ ಗೋ ಬ್ಯಾಕ್’ ಎಂಬುದು ಆಗಿನ ಘೋಷಣೆ. ಮದ್ರಾಸಿನ ಕಡೆಯಿಂದ ಬಂದ ನೌಕರರನ್ನು ಅವರ ಊಟದ ಹೆಸರಿನಿಂದಲೇ ಕರೆದರು. ಪೊಲೀಸರ ಗುಂಡಿಗೆ ಜೀವಗಳು ಹೋದವು.

1956ರಲ್ಲಿ ಕಲಬುರಗಿ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಬಂದವು. ತೆಲಂಗಾಣದಲ್ಲಿ ಮುಲ್ಕಿ ಜಗಳ ಮುಂದುವರಿದು, 1973ರಲ್ಲಿ ನಿಯಮಗಳು ರದ್ದಾಗಿ, ಸ್ಥಳೀಯರಿಗೆ ನೌಕರಿ, ಶಿಕ್ಷಣದಲ್ಲಿ ರಕ್ಷಣೆ ಕೊಡುವ ಸಂವಿಧಾನದ 371ಡಿ ವಿಧಿ ಬಂತು. ನಮ್ಮ ಭಾಗ ಅಂಥದೇ ರಕ್ಷಣೆಗೆ ಇನ್ನೂ ನಾಲ್ಕು ದಶಕ ಕಾಯಬೇಕಾಯಿತು. ವೈಜನಾಥ ಪಾಟೀಲರಂಥವರ ದೀರ್ಘ ಹೋರಾಟದ ಬಳಿಕ 371ಜೆ ವಿಧಿ ಸಂವಿಧಾನಕ್ಕೆ ಸೇರಿ, 2013ರಲ್ಲಿ ಜಾರಿಗೆ ಬಂತು.

ಯಾದಗಿರಿಯ ಹುಡುಗರು ಇಂದು ಮುಲ್ಕಿ ಎನ್ನುವುದಿಲ್ಲ, ‘ಎಚ್‌.ಕೆ. (ಹೈದರಾಬಾದ್ ಕರ್ನಾಟಕ) ಸರ್ಟಿಫಿಕೇಟ್’ ಎನ್ನುತ್ತಾರೆ. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವಾದರೂ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಈ ಭಾಗದ ಕಾಲೇಜುಗಳ ವೃತ್ತಿಶಿಕ್ಷಣದಲ್ಲಿ ನೂರಕ್ಕೆ 70 ಸೀಟುಗಳು ಇಲ್ಲಿಯವರಿಗೆ ಮೀಸಲು, ರಾಜ್ಯದ ಉಳಿದೆಡೆ 8. ಇಲ್ಲಿಯವನು ಎಂಬುದಕ್ಕೆ ದಾಖಲೆ ಬೇಕೇ ಬೇಕು. ಮಕ್ಕಳ ಜನನ ಪತ್ರ, ಶಾಲೆಯ ದಾಖಲೆಗಳನ್ನು ತಂದೆತಾಯಿಗಳು ಜೋಪಾನವಾಗಿಡಲಿ. ಹಳೆಯ ಟ್ರಂಕಿನಲ್ಲಿ ಅಜ್ಜನ ಮುಲ್ಕಿ ಪತ್ರ ಸಿಕ್ಕರೆ ಅದನ್ನೂ ಎಸೆಯದಿರಲಿ.