ಹೊಂಗೆ ಬಯೋಡೀಸೆಲ್ ಹಾಕಿದ್ರೆ ಹೊಗೆ ನಿಜವಾಗ್ಲೂ ಕಡಿಮೆ ಆಗುತ್ತಾ?

ಪವರ್ ಟಿಲ್ಲರ್ ಹಿಂದೆ ಅರ್ಧ ದಿನ ನಡೆದವರಿಗೆ ಗೊತ್ತು, ಸಂಜೆ ಮೂಗು ಸೀಟಿದರೆ ಕಪ್ಪು ಬರುತ್ತೆ. ವಿಷ ಹೊಡೆಯಬಾರದು ಅಂತ ಸಾವಯವಕ್ಕೆ ಬಂದ ನಾನು ಈ ಮಸಿಯನ್ನ ಮಾತ್ರ ದಿನಾ ಉಸಿರಾಡ್ತಿದ್ದೆ. ಬದುವಿನಲ್ಲಿ ಹೊಂಗೆ ಮರಗಳಿದ್ದವು, ಹಾಗಾಗಿ ಪ್ರಯೋಗಕ್ಕೆ ಇಳಿದೆ.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಗಾಣದಿಂದ ತಂದ ಎಣ್ಣೆಯನ್ನೇ ನೇರವಾಗಿ ಪಂಪ್‌ಸೆಟ್‌ನ ಡೀಸೆಲ್‌ಗೆ ಬೆರೆಸಿದೆ. ಹೊಗೆ ಇನ್ನೂ ಜಾಸ್ತಿ ಆಯ್ತು, ಕೆಲವೇ ವಾರದಲ್ಲಿ ನಾಜಲ್ ಕಟ್ಟಿಕೊಂಡಿತು. ಕಾರಣ ಸರಳ: ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಮಂಜಿನಂತೆ ಸಿಡಿಯದೆ ದಪ್ಪ ಹನಿಯಾಗಿ ಬಿದ್ದು ಅರ್ಧಂಬರ್ಧ ಉರಿಯುತ್ತೆ. ಅದೇ ಎಣ್ಣೆಯನ್ನು ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಜೊತೆ ಕ್ರಿಯೆಗೆ ಒಳಪಡಿಸಿ, ಗ್ಲಿಸರಿನ್ ತೆಗೆದು ಶುದ್ಧ ಮಾಡಿದರೆ ಬಯೋಡೀಸೆಲ್. ಮೆಥನಾಲ್ ವಿಷ, ಬೆಂಕಿಯೂ ಬೇಗ ಹಿಡಿಯುತ್ತೆ. ಹಿತ್ತಲಲ್ಲಿ ಇದನ್ನ ಮಾಡೋಕೆ ಹೋಗಬೇಡಿ.

ಬಯೋಡೀಸೆಲ್‌ನ ತೂಕದಲ್ಲಿ ಸುಮಾರು ಶೇ 10ರಷ್ಟು ಆಮ್ಲಜನಕ ಇರುತ್ತೆ. ಉರಿಯುವ ಜಾಗದಲ್ಲೇ ಗಾಳಿ ಸಿಕ್ಕಂತೆ; ಮಸಿ ಕಡಿಮೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) 2002ರಲ್ಲಿ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿತ್ತು. ಶೇ 20 ಮಿಶ್ರಣದಲ್ಲಿ, ಅಂದರೆ ಬಿ20ಯಲ್ಲಿ, ಮಸಿಕಣ ಸುಮಾರು ಶೇ 10, ಕಾರ್ಬನ್ ಮಾನಾಕ್ಸೈಡ್ ಶೇ 11, ಉರಿಯದೆ ಉಳಿದ ಹೈಡ್ರೋಕಾರ್ಬನ್ ಶೇ 21 ಇಳಿದಿತ್ತು. ಪೂರ್ತಿ ಬಯೋಡೀಸೆಲ್‌ನಲ್ಲಿ ಮಸಿಕಣ ಹೆಚ್ಚುಕಮ್ಮಿ ಅರ್ಧಕ್ಕೆ ಬಂತು. ಅವು ಹೆಚ್ಚಾಗಿ ಸೋಯಾ ಇಂಧನ, ಲಾರಿ-ಬಸ್ ಇಂಜಿನ್‌ಗಳ ಲೆಕ್ಕ. ನಿಮ್ಮ ಟಿಲ್ಲರ್‌ನಲ್ಲಿ ಅದೇ ಅಂಕಿ ಬರುತ್ತೆ ಅಂತ ಹೇಳಲ್ಲ.

ಮಾರುವವರು ಹೇಳದ ಮಾತು ಒಂದಿದೆ: ನೈಟ್ರೋಜನ್ ಆಕ್ಸೈಡ್. ಇದು ಇಳಿಯಲ್ಲ, ಸ್ವಲ್ಪ ಏರುತ್ತೆ. ಅದೇ ವರದಿಯಲ್ಲಿ ಬಿ20ಗೆ ಶೇ 2, ಪೂರ್ತಿ ಬಯೋಡೀಸೆಲ್‌ಗೆ ಶೇ 10. ಬಯೋಡೀಸೆಲ್ ಒತ್ತಡಕ್ಕೆ ಅಷ್ಟಾಗಿ ಕುಗ್ಗಲ್ಲ, ಹಾಗಾಗಿ ಹಳೆಯ ಮಾದರಿ ಪಂಪ್‌ಗಳಲ್ಲಿ ಇಂಧನ ಕೂದಲೆಳೆಯಷ್ಟು ಬೇಗ ಸಿಲಿಂಡರ್‌ಗೆ ಬೀಳುತ್ತೆ, ತಾಪ ಏರುತ್ತೆ. ಈ ಅನಿಲ ಕಣ್ಣಿಗೆ ಕಾಣೋದಿಲ್ಲ. ಬಿಸಿಲಿನಲ್ಲಿ ಇದರಿಂದಲೇ ನೆಲಮಟ್ಟದ ಓಝೋನ್ ಆಗೋದು, ಅದು ನಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು, ಹುರುಳಿಕಾಯಿ ಎಲೆಗೂ ಕೆಟ್ಟದ್ದು. ಹೊಗೆ ತಿಳಿಯಾಯ್ತು ಅಂದ ಮಾತ್ರಕ್ಕೆ ಶುದ್ಧ ಆಯ್ತು ಅಂತಲ್ಲ. ಶೆಡ್ ಬಾಗಿಲು ಮುಚ್ಚಿ ಇಂಜಿನ್ ಓಡಿಸೋದು ಬಿ20ಯಲ್ಲೂ ಅಪಾಯವೇ.

ಹಾಕೋದಾದರೆ ಗುಣಮಟ್ಟ ಪರೀಕ್ಷೆ ಆದದ್ದನ್ನೇ ತನ್ನಿ, ಕಂಪನಿ ಕೈಪಿಡಿಯಲ್ಲಿ ಎಷ್ಟಕ್ಕೆ ಒಪ್ಪಿಗೆ ಇದೆ ನೋಡಿ. ಬಯೋಡೀಸೆಲ್ ಹಳೆ ಟ್ಯಾಂಕಿನ ಗಸಿಯನ್ನ ಕರಗಿಸಿ ತರುತ್ತೆ, ಮೊದಮೊದಲು ಫಿಲ್ಟರ್ ಬೇಗ ಕಟ್ಟುತ್ತೆ. ಹಳೆಯ ರಬ್ಬರ್ ಪೈಪನ್ನೂ ಮೆತ್ತಗೆ ಮಾಡಬಹುದು. ಇದಕ್ಕೂ ಮೊದಲು ಏರ್ ಫಿಲ್ಟರ್ ಮತ್ತು ನಾಜಲ್ ಸರಿಮಾಡಿಸಿ ನೋಡಿ. ನನ್ನ ಟಿಲ್ಲರ್‌ನ ಕಪ್ಪು ಹೊಗೆ ಬಹುಪಾಲು ಅಷ್ಟಕ್ಕೇ ಇಳಿಯಿತು. ಹೊಂಗೆ ಬೀಜ ಈಗಲೂ ಗಾಣಕ್ಕೆ ಹೋಗುತ್ತೆ: ಎಣ್ಣೆ ಮಾರ್ತೀನಿ, ಹಿಂಡಿ ಮಡಿಗಳಿಗೆ ಹಾಕ್ತೀನಿ.